ಚೌಕದ ಕರ್ಣದ ಕೊನೆಯ ಅಂಕಿಯನ್ನು ಹಾಜರುಪಡಿಸುವ ಬಗ್ಗೆ

ಪುರಸಭಾ ಕಾರ್ಯಾಲಯ, ವಿಲ್ಯಾ ಕರಂದಾಯ್
ಅಳತೆ ಮತ್ತು ಪೂರ್ಣತಾ ಶಾಖೆ
(ಮೊದಲ ಮಹಡಿ, ಕೈತೊಳೆಯುವ ಕೋಣೆಯ ಪಕ್ಕ)

ಸಂಖ್ಯೆ: ಅಪೂಶಾ/ಚೌಕ/ಕರ್ಣ/141.4213562373095… (ಕಡತ ಸಂಖ್ಯೆಯ ಉಳಿದ ಭಾಗ ಎರಡು ಮತ್ತು ಮೂರನೇ ಕಪಾಟುಗಳಲ್ಲಿದೆ)
ದಿನಾಂಕ: 14ನೇ ನವೆಂಬರ್ 1994

ಸುತ್ತೋಲೆ

ವಿಷಯ: ಊರಿನ ಚೌಕದ ಓರೆದಾರಿಯ ಉದ್ದವನ್ನು ಕೊನೆಯ ಅಂಕಿಯವರೆಗೆ ಕಂಡುಹಿಡಿದು, ಕಡತವನ್ನು ಮುಕ್ತಾಯಗೊಳಿಸುವ ಬಗ್ಗೆ.

ಉಲ್ಲೇಖ:
1. ಇದೇ ಶಾಖೆಯ ಸುತ್ತೋಲೆ, ದಿನಾಂಕ 2-5-1972.
2. ಇದೇ ವಿಷಯದ ಮೂವತ್ತೊಂದು ಜ್ಞಾಪನಗಳು.
3. ಚಿಪಾ ರೊಟ್ಟಿ ಮಾರುವ ಞಾ (ಎಂದರೆ ಅಮ್ಮನವರು) ಪೆರ್ಪೆತುವಾ ಇನ್ಸ್‌ಫ್ರಾನ್ ಅವರು ಮುಖ್ಯಾಧಿಕಾರಿಗಳ ಮೇಜಿನ ಮೇಲೆ ಬುಟ್ಟಿ ಇಳಿಸಿ ಆಡಿದ ಮಾತು, ದಿನಾಂಕ 7-11-1994 (ಮೌಖಿಕ, ಗಟ್ಟಿಧ್ವನಿ).

ಪ್ರಸ್ತಾವನೆ:

ಊರಿನ ಚೌಕವು ಪ್ರತಿ ಬದಿಗೂ ಸರಿಯಾಗಿ ನೂರು ಮೀಟರ್ ಇದ್ದು, ಈ ಬಗ್ಗೆ ಯಾರ ತಕರಾರೂ ಇರುವುದಿಲ್ಲ. ಪುರಸಭೆಯ ಮೂಲೆಯಿಂದ ಎದುರಿನ ಇಗರ್ಜಿಯ ಮೂಲೆಗೆ ಓರೆಯಾಗಿ ಹೋಗುವ ಇಟ್ಟಿಗೆ ದಾರಿಯನ್ನು 1972ರಲ್ಲಿ ಹಾಸಲಾಗಿದ್ದು, ತಕರಾರು ಇರುವುದು ಅದರ ಬಗ್ಗೆ. ನಮೂನೆ 14ರ ಏಳನೇ ಕಲಮಿನಲ್ಲಿ 'ದಾರಿಯ ಪೂರ್ಣ ಉದ್ದ, ಶೇಷವಿಲ್ಲದಂತೆ' ಎಂದು ಕೇಳಲಾಗಿದೆ. ಆ ಕಲಮನ್ನು ತುಂಬುವ ಕೆಲಸವನ್ನು, ಅಂದು ನಲವತ್ತೊಂದು ವರ್ಷ ವಯಸ್ಸಿನವರಾಗಿದ್ದ ಲೆಕ್ಕದ ಗುಮಾಸ್ತ ಶ್ರೀ ಎವಾರಿಸ್ತೊ ಒವೆಲಾರ್ ಅವರಿಗೆ (ಇನ್ನು ಮುಂದೆ 'ಸದರಿ ಗುಮಾಸ್ತರು') ಒಂದು ಸೋಮವಾರ ಬೆಳಿಗ್ಗೆ ವಹಿಸಿ, ಮಧ್ಯಾಹ್ನದ ಊಟದೊಳಗೆ ಮುಗಿಸಲು ಸೂಚಿಸಲಾಗಿತ್ತು. ಸದರಿ ಗುಮಾಸ್ತರಿಗೆ ಈಗ ಅರವತ್ತಮೂರು. ಊಟ ಆರಿದೆ.

ಕಲಂ ತುಂಬದ ಕಾರಣ ದಾರಿ ಪೂರ್ಣಗೊಂಡಿದೆ ಎಂದು ಪ್ರಮಾಣೀಕರಿಸಲು ಬರುವುದಿಲ್ಲ. ಮೇಸ್ತ್ರಿಯು ನೂರ ನಲವತ್ತೊಂದು ಮೀಟರ್ ನಲವತ್ತೆರಡು ಸೆಂಟಿಮೀಟರ್ ಹಾಸಿ, ಇನ್ನೆಷ್ಟು ಉಳಿದಿದೆ ಎಂದು ಲಿಖಿತವಾಗಿ ಕೇಳಿದ್ದು, ಅದಕ್ಕೆ ಉತ್ತರ ಹೋಗಿಲ್ಲ. ಮೇಸ್ತ್ರಿ ತೀರಿಕೊಂಡಿದ್ದಾರೆ. ಇಗರ್ಜಿಯ ಮೂಲೆಯಲ್ಲಿ ಕೊನೆಯ ಇಟ್ಟಿಗೆಗೂ ಅಂಚುಕಲ್ಲಿಗೂ ನಡುವೆ ಬೆಂಕಿಕಡ್ಡಿ ತೂರದಷ್ಟು ಸಂದು ಉಳಿದಿದ್ದು, ಅದರ ಸುತ್ತ ಹಗ್ಗ ಕಟ್ಟಿ, 'ಕಾಮಗಾರಿ ಪ್ರಗತಿಯಲ್ಲಿದೆ' ಎಂಬ ಫಲಕ ನೆಟ್ಟು, ಹಗಲು ಹೊತ್ತಿನ ಒಬ್ಬ ಕಾವಲುಗಾರನನ್ನು ನೇಮಿಸಲಾಗಿದೆ. ಸಂದನ್ನು ಸದ್ಯಕ್ಕೆ ಇರುವೆಗಳು ಉಪಯೋಗಿಸುತ್ತಿವೆ.

ಎಂಟು ತಿಂಗಳ ಹಿಂದೆ ರಾಜಧಾನಿಯಿಂದ ವರ್ಗವಾಗಿ ಬಂದ ಮುಖ್ಯಾಧಿಕಾರಿ ಶ್ರೀ ಹೆರ್ಮೋಹೆನೆಸ್ ಫ್ಲೆಚಾ ಅವರು, ಈ ವರ್ಷ ಮುಗಿಯುವುದರೊಳಗೆ ಸಂಖ್ಯೆಯನ್ನೂ ಮುಗಿಸಿಯೇ ತೀರಬೇಕೆಂದು ತೀರ್ಮಾನಿಸಿದ್ದಾರೆ. ಅದರಂತೆ ಎಲ್ಲ ನೌಕರರಿಗೂ ಸಾರ್ವಜನಿಕರಿಗೂ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ:

1. ವ್ಯಾಖ್ಯೆ. 'ಸದರಿ ಸಂಖ್ಯೆ' ಎಂದರೆ ತನ್ನನ್ನು ತಾನೇ ಗುಣಿಸಿಕೊಂಡಾಗ ಸರಿಯಾಗಿ ಇಪ್ಪತ್ತು ಸಾವಿರವಾಗುವ ಸಂಖ್ಯೆ. (ಒಂದು ಬದಿಯ ನೂರರ ವರ್ಗ ಹತ್ತು ಸಾವಿರ, ಇನ್ನೊಂದು ಬದಿಯದು ಹತ್ತು ಸಾವಿರ. ಇದನ್ನು ಪ್ರಶ್ನಿಸುವವರು ಮೊದಲು ಶಾಲೆಗೆ ಹೋಗತಕ್ಕದ್ದು.) ಸದರಿ ಸಂಖ್ಯೆಯು ಇದುವರೆಗೆ ಕಚೇರಿಗೆ ಖುದ್ದಾಗಿ ಬಂದಿರುವುದಿಲ್ಲ, ಬಂದವರೆಲ್ಲ ಅದರ ನೆಂಟರು. 141 ಬಂದು, ಗುಣಿಸಿದಾಗ 19,881 ಆಗಿ ಕಡಿಮೆ ಬಿತ್ತು. 142 ಬಂದು 20,164 ಆಗಿ ಹೆಚ್ಚಾಯಿತು. 141.42 ಬಂದು 19,999.6164ರವರೆಗೆ ನಡೆದು ಬಾಗಿಲಲ್ಲೇ ನಿಂತಿತು. 141.43 ಬಾಗಿಲು ದಾಟಿ ಮುಂದಕ್ಕೆ ಹೋಗಿಬಿಟ್ಟಿತು. ಸದರಿ ಸಂಖ್ಯೆ ಇವರಿಬ್ಬರ ನಡುವೆ ಎಲ್ಲೋ ಅಡಗಿರುವುದು ಖಚಿತವಾಗಿದೆ.

2. ಅಂಕಿಗಳ ಹಾಜರಿ. ಸದರಿ ಗುಮಾಸ್ತರು ದಶಮಾಂಶ ಬಿಂದುವಿನ ನಂತರ ಇದುವರೆಗೆ ಮುನ್ನೂರ ಹನ್ನೆರಡು ಅಂಕಿಗಳನ್ನು ಕೈಯಿಂದಲೇ ಹೊರತೆಗೆದಿರುತ್ತಾರೆ. ಮುಂದೆ ಹೋದಂತೆ ಭಾಗಾಕಾರದ ಕಾಗದ ಉದ್ದವಾಗುತ್ತಿದ್ದು, ಈಗ ಅದನ್ನು ಅಂಟಿಸಿ ಅಂಟಿಸಿ ಕಚೇರಿಯ ಜಗುಲಿಯುದ್ದಕ್ಕೂ ಹಾಸಿಕೊಂಡು, ಮಂಡಿಯೂರಿ ಲೆಕ್ಕ ಮಾಡಬೇಕಾಗಿದೆ. ಹೀಗೆ ಒಂದು ಅಂಕಿಗೆ ಮೂರು ದಿನ ಹಿಡಿಯುತ್ತಿರುವುದು ಗಮನಕ್ಕೆ ಬಂದಿದ್ದು, ಇನ್ನು ಮುಂದೆ ಒಂದೇ ದಿನ ಹಿಡಿಯತಕ್ಕದ್ದು. ಮಂಡಿಯ ಬಗ್ಗೆ ಪ್ರತ್ಯೇಕ ಅರ್ಜಿ ಸಲ್ಲಿಸುವುದು.

3. ಸೊನ್ನೆ. ಹನ್ನೊಂದನೆಯ, ಹದಿನಾಲ್ಕನೆಯ ಮತ್ತು ಹದಿನೆಂಟನೆಯ ಸ್ಥಾನಗಳಲ್ಲಿ ಸೊನ್ನೆ ಬಂದಿರುವುದು ಕಂಡುಬಂದಿದೆ. ಸೊನ್ನೆ ಬಂದ ದಿನ ಕೆಲಸ ನಡೆದಿಲ್ಲವೆಂದು ಭಾವಿಸಿ ಅರ್ಧ ದಿನದ ರಜೆ ಕಡಿತಗೊಳಿಸಲಾಗುವುದು.

4. ಒಂದೇ ಅಂಕಿ ಎರಡು ಸಲ. ಹದಿನಾರನೆಯ ಸ್ಥಾನದಲ್ಲಿ ಎಂಟು, ಹದಿನೇಳನೆಯದರಲ್ಲೂ ಎಂಟು. ನಿನ್ನೆಯ ಅಂಕಿಯನ್ನೇ ಇಂದು ಮತ್ತೆ ಸಲ್ಲಿಸಿದ ಬಗ್ಗೆ ಸದರಿ ಗುಮಾಸ್ತರಿಂದ 1973ರಲ್ಲಿ ಕಾರಣ ಕೇಳಲಾಗಿತ್ತು. "ಅದು ಹಾಗೇ ಬಂತು" ಎಂಬ ಉತ್ತರ ತೃಪ್ತಿಕರವಾಗಿರುವುದಿಲ್ಲ. ಮುಂದೆ ಹೀಗೆ ಬಂದಲ್ಲಿ ಎರಡನೆಯ ಅಂಕಿಯನ್ನು ಒಂದು ವಾರ ತಡೆಹಿಡಿಯತಕ್ಕದ್ದು.

5. 'ಸುಮಾರು', 'ಹೆಚ್ಚುಕಡಿಮೆ', 'ಆಸುಪಾಸು', 'ಚಿಲ್ಲರೆ' ಎಂಬ ಮಾತುಗಳನ್ನು ಕಚೇರಿಯ ಆವರಣದಲ್ಲಿ ನಿಷೇಧಿಸಲಾಗಿದೆ. ಇದರ ಪರಿಣಾಮವಾಗಿ ಕಾವಲುಗಾರನು ತನ್ನ ಎತ್ತರವನ್ನು ಸೇವಾ ಪುಸ್ತಕದಲ್ಲಿ ನಮೂದಿಸಲಾಗದೆ, ಜೂನ್ ತಿಂಗಳಿನಿಂದ ಎತ್ತರರಹಿತನಾಗಿ ಸೇವೆ ಸಲ್ಲಿಸುತ್ತಿದ್ದಾನೆ.

6. ಯಂತ್ರಗಳು. 1983ರಲ್ಲಿ ಅಂದಿನ ಮುಖ್ಯಾಧಿಕಾರಿಗಳು ಕಿಸೆಯಲ್ಲಿ ಹಿಡಿಯುವ ಲೆಕ್ಕಯಂತ್ರವೊಂದನ್ನು ತಂದಿದ್ದು, ಅದು 141.42135 ಎಂದು ತೋರಿಸಿ ಸುಮ್ಮನಾಯಿತು. ಸದರಿ ಗುಮಾಸ್ತರ ಕೈಬರಹದಲ್ಲಿ ಅಷ್ಟರಲ್ಲೇ ನೂರ ತೊಂಬತ್ತು ಅಂಕಿಗಳಿದ್ದರೂ, ಜಪಾನಿನ ಯಂತ್ರ ಮುಗಿಯಿತು ಎಂದ ಮೇಲೆ ಮುಗಿಯಿತೆಂದು ಕಡತವನ್ನು ಮುಚ್ಚಲಾಯಿತು. ಅದು ಹನ್ನೊಂದು ದಿನ ಮುಚ್ಚಿತ್ತು. ಆ ಹನ್ನೊಂದು ದಿನಗಳಲ್ಲಿ ಸದರಿ ಗುಮಾಸ್ತರು ಒಂದು ಬಿಳಿ ಕೋಟು ಹೊಲಿಸಿ, ಇಗರ್ಜಿಯಲ್ಲಿ ದಿನವನ್ನೂ ಗೊತ್ತುಮಾಡಿಕೊಂಡು ಬಂದಿದ್ದರು. ಹನ್ನೆರಡನೆಯ ದಿನ ಔಷಧಿ ಅಂಗಡಿಯವರು ಸಹಾಯ ಮಾಡುವ ಸದುದ್ದೇಶದಿಂದ ಹತ್ತು ಅಂಕಿಯ ಯಂತ್ರವನ್ನು ತಂದರು. ಅದು 141.4213562 ಎಂದಿತು. ಕಡತವನ್ನು ಮತ್ತೆ ತೆರೆಯಲಾಯಿತು. ಕೋಟು ಮೂರನೇ ಕಪಾಟಿನಲ್ಲಿ ಕಡತದ ಹಿಂದೆ ಇದೆ. ಇನ್ನು ಮುಂದೆ ಯಾರೂ ಸಹಾಯ ಮಾಡತಕ್ಕದ್ದಲ್ಲ.

7. ಭಿನ್ನರಾಶಿಗಳು. ಬದಿ ಒಂದಾದರೆ ಕರ್ಣ ಎಷ್ಟೆಂದು ತಿಳಿಸಿ ಸಾರ್ವಜನಿಕರಿಂದ ಅರ್ಜಿಗಳು ಬರುತ್ತಿವೆ. ಕ್ಷೌರಿಕರ ಬೀದಿಯ ನಿವಾಸಿಯೊಬ್ಬರು ಎಪ್ಪತ್ತರಲ್ಲಿ ತೊಂಬತ್ತೊಂಬತ್ತು ಎಂದು ಸೂಚಿಸಿದ್ದಾರೆ. ಪರಿಶೀಲಿಸಲಾಗಿ, ಎಪ್ಪತ್ತರ ವರ್ಗದ ಎರಡರಷ್ಟು 9,800. ತೊಂಬತ್ತೊಂಬತ್ತರ ವರ್ಗ 9,801. ಒಂದು ಹೆಚ್ಚಾದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಅದೇ ಬೀದಿಯ ಇನ್ನೊಬ್ಬರು ನಾನ್ನೂರ ಎಂಟರಲ್ಲಿ ಐನೂರ ಎಪ್ಪತ್ತೇಳು ಎಂದಿದ್ದು, ಅಲ್ಲಿಯೂ 3,32,928 ಬರಬೇಕಾದಲ್ಲಿ 3,32,929 ಬಂದಿರುತ್ತದೆ. ಎರಡರಲ್ಲೂ ಅದೇ ಒಂದು ಹೆಚ್ಚಿರುವುದನ್ನು ನೋಡಿದರೆ ಇದು ಒಂದೇ ಮನೆಯವರ ಕೆಲಸವಿರಬಹುದೆಂಬ ಶಂಕೆ ಇದೆ.

8. ಪಾದಚಾರಿಗಳು. ಉದ್ದವು ನಿರ್ಧಾರವಾಗದ ದಾರಿಯನ್ನು ಪೂರ್ತಿಯಾಗಿ ನಡೆಯುವುದು ನಿಯಮಬಾಹಿರ. ಓರೆದಾರಿಯಲ್ಲಿ ಬರುವವರು ಹಗ್ಗದ ಬಳಿ ನಿಂತು, ಬಂದ ದಾರಿಯಲ್ಲೇ ಹಿಂದಿರುಗಿ, ಚೌಕದ ಎರಡು ಬದಿಗಳನ್ನು ಸುತ್ತಿಕೊಂಡು ಇಗರ್ಜಿಯ ಮೂಲೆಗೆ ಹೋಗತಕ್ಕದ್ದು. ಈ ನಿಯಮವನ್ನು ಇಪ್ಪತ್ತೆರಡು ವರ್ಷಗಳಿಂದ ಪಾಲಿಸುತ್ತ ಬಂದಿರುವ ಏಕೈಕ ವ್ಯಕ್ತಿ ಸದರಿ ಗುಮಾಸ್ತರು. ದಾರಿಯ ಉದ್ದವನ್ನು ಅವರಷ್ಟು ಬಲ್ಲವರು ಊರಿನಲ್ಲಿ ಬೇರೆ ಇಲ್ಲ. ಅದರ ಮೇಲೆ ಒಂದು ದಿನವೂ ಕಾಲಿಡದವರೂ ಅವರೊಬ್ಬರೇ.

9. ಉಲ್ಲಂಘನೆ. ಞಾ ಪೆರ್ಪೆತುವಾ ಇನ್ಸ್‌ಫ್ರಾನ್ ಅವರು ಪ್ರತಿದಿನ ತಲೆಯ ಮೇಲೆ ಚಿಪಾ ಬುಟ್ಟಿ ಹೊತ್ತು, ಹಗ್ಗವನ್ನು ದಾಟಿ, ದಾರಿಯನ್ನು ಪೂರ್ತಿಯಾಗಿ ನಡೆಯುತ್ತಿರುವ ಬಗ್ಗೆ ಕಾರಣ ಕೇಳಲಾಗಿ, ಅವರು ನೀಡಿದ ಹೇಳಿಕೆಯನ್ನು ಕಡತದ ಹಿತದೃಷ್ಟಿಯಿಂದ ಯಥಾವತ್ತಾಗಿ ದಾಖಲಿಸಲಾಗಿದೆ:

"ನೋಡಿ ಸಾಹೇಬ್ರೆ, ಈ ಮೂಲೇಲಿ ಹತ್ತುತೀನಿ, ಆ ಮೂಲೇಲಿ ಇಳೀತೀನಿ. ದಿನಾ ಎರಡು ಸಲ. ಇಪ್ಪತ್ತೆರಡು ವರ್ಷ ಆಯ್ತು, ಒಂದಿನಾನೂ ನಡುವೆ ಸಿಕ್ಕಾಕ್ಕೊಂಡು ನಿಂತಿಲ್ಲ. ನಿಮ್ಮ ಲೆಕ್ಕ ಮುಗೀದಿದ್ರೆ ಅದು ನಿಮ್ಮ ಪೆನ್ಸಿಲ್ ತೊಂದ್ರೆ, ದಾರೀದಲ್ಲ. ನಿಮ್ಮ ಗುಮಾಸ್ತ, ಈಯಪ್ಪನ್ನ ಕೇಳಿ ಬೇಕಾದ್ರೆ. ಸೂಪು ಬಡಿಸಿದ್ರೆ ಚಮಚದ ಹಿಡೀಲಿ ಮೇಜಿನ ಮೇಲೆ ಭಾಗಾಕಾರ ಮಾಡ್ತಾ ಕೂತ್ಕೊಳುತ್ತೆ. ಸೂಪು ಆರಿ ತಣ್ಣಗಾದ್ರೂ ಗೊತ್ತಾಗಲ್ಲ. ಆ ಲೆಕ್ಕ ಬಿಟ್ಟು ಬಾ ಅಂದಿದ್ದೀನಿ, ಬಂದ ದಿನ ಮದ್ವೆ. ಲೆಕ್ಕಾನೂ ಕರ್ಕೊಂಡು ಬರೋದಾದ್ರೆ ನನ್ನ ಮನೇಲಿ ಇಬ್ಬರಿಗೆ ಜಾಗ ಇಲ್ಲ."

ಹೇಳಿಕೆಯ ಕೊನೆಯ ಭಾಗವು ಕಡತಕ್ಕೆ ಸಂಬಂಧಿಸಿದ್ದಲ್ಲ. ಅದನ್ನು ಹೊಡೆದುಹಾಕಲು ಮುಖ್ಯಾಧಿಕಾರಿಗಳು ಸೂಚಿಸಿದ್ದರು. ಟೈಪ್ ಮಾಡುವವರು ಹೊಡೆದುಹಾಕಿರುವುದಿಲ್ಲ.

10. ಬಿಡುಗಡೆ. ಬಾಕಿ ಕಡತ ಇರುವ ಯಾವ ನೌಕರನನ್ನೂ ಸೇವೆಯಿಂದ ಬಿಡುಗಡೆ ಮಾಡತಕ್ಕದ್ದಲ್ಲ. ಸದರಿ ಗುಮಾಸ್ತರಿಗೆ ಮೂರು ವರ್ಷಗಳ ಹಿಂದೆಯೇ ನಿವೃತ್ತಿಯ ವಯಸ್ಸು ಆಗಿದ್ದರೂ, ಸಂಖ್ಯೆಗೆ ಆಗಿಲ್ಲದ ಕಾರಣ ಅವರು ಮುಂದುವರಿಯತಕ್ಕದ್ದು.

(ಇಲ್ಲಿಗೆ ಎರಡನೇ ಪುಟ ಮುಗಿಯುತ್ತದೆ. ಮುಖ್ಯಾಧಿಕಾರಿಗಳು ಎರಡು ಪುಟ ಓದಿ ಕೊನೆಯ ಪುಟಕ್ಕೆ ಸಹಿ ಹಾಕುವ ವಾಡಿಕೆ ಇರುತ್ತದೆ. ಟೈಪ್ ಮಾಡುವವರಿಗೆ ಇದು ಗೊತ್ತಿದೆ.)

11. ತಜ್ಞರ ಅಭಿಪ್ರಾಯ. ಪ್ರಾಥಮಿಕ ಶಾಲೆಯ ಹಿರಿಯ ಶಿಕ್ಷಕಿ ಶ್ರೀಮತಿ ಲಿಬ್ರಾದಾ ಆಕೋಸ್ತಾ ಅವರನ್ನು ಕಚೇರಿಗೆ ಕರೆಸಿ ಕೊನೆಯ ಅಂಕಿ ಯಾವುದೆಂದು ಕೇಳಲಾಯಿತು. ಅವರ ಉತ್ತರ:

"ಕೊನೇ ಅಂಕಿ ಅಂತ ಒಂದಿಲ್ಲ ಸಾಹೇಬ್ರೆ. ಇದ್ದಿದ್ರೆ, ಬದಿ ಒಂದಾದಾಗ ಕರ್ಣ ಒಂದು ಭಿನ್ನರಾಶಿ ಆಗ್ಬೇಕಿತ್ತು. ಯಾವ ಭಿನ್ನರಾಶಿ ಬೇಕಾದ್ರೂ ತನ್ನಿ, ಇನ್ನು ಭಾಗ ಹೋಗದಷ್ಟು ಸಣ್ಣದು ಮಾಡ್ಕೊಂಡೇ ತನ್ನಿ. ಅದರ ವರ್ಗ ಎರಡು ಆಗ್ಬೇಕಾದ್ರೆ ಮೇಲಿನ ಸಂಖ್ಯೆ ಸಮ ಆಗ್ಲೇಬೇಕು. ಮೇಲಿಂದು ಸಮ ಆದ್ರೆ ಕೆಳಗಿಂದೂ ಸಮ ಆಗ್ಲೇಬೇಕು. ಎರಡೂ ಸಮ ಆದ್ಮೇಲೆ ಎರಡರಿಂದ ಭಾಗ ಹೋಗ್ಬೇಕಲ್ಲ? ಹೋಗಲ್ಲ ಅಂತ ನೀವೇ ತಾನೆ ಹೇಳಿ ತಂದಿದ್ದು? ಅಂಥ ಭಿನ್ನರಾಶಿ ಹುಟ್ಟೇ ಇಲ್ಲ. ಹಾಗಂತ ಸಂಖ್ಯೆ ಇಲ್ಲ ಅಂತಲ್ಲ. ಅದು ಯಾರು ಅಂತ ಒಂದು ಸಾಲಲ್ಲಿ ಹೇಳ್ಬಹುದು, ಬರೆದು ಮುಗಿಸೋಕಾಗಲ್ಲ ಅಷ್ಟೇ. ಪಾಪ, ಆ ಎವಾರಿಸ್ತೊಗೆ ಇದು ಎಪ್ಪತ್ತೆರಡರಲ್ಲೇ ಗೊತ್ತಿತ್ತು. ಅವನು ಬರೆದುಕೊಟ್ಟಿದ್ದ. ನೀವು ಓದಿಲ್ಲ."

ಒಂದು ಸಾಲಿನಲ್ಲಿ ಹೇಳಬಹುದಾದುದನ್ನು ಬರೆದು ಮುಗಿಸಲಾಗದು ಎಂಬುದು ಸರಕಾರಿ ಪದ್ಧತಿಗೆ ವಿರುದ್ಧವಾಗಿದೆ. ಇಲ್ಲಿ ನಾವು ಬರೆದು ಮುಗಿಸಿದ್ದನ್ನು ಒಂದು ಸಾಲಿನಲ್ಲಿ ಹೇಳಲು ಆಗುವುದಿಲ್ಲ. ಶಿಕ್ಷಕಿಯವರು ಹೇಳಿದ ಪತ್ರವನ್ನು ಹುಡುಕಲಾಗಿ, ಅದು 9-5-1972ರ ಆವಕ ಪುಸ್ತಕದಲ್ಲಿ ನಮೂದಾಗಿರುತ್ತದೆ. ಷರಾ: 'ನಂತರ ನೋಡುವುದು'.

12. ನಡಾವಳಿ, ದಿನಾಂಕ 11-11-1994, ಬೆಳಿಗ್ಗೆ ಹತ್ತು ಗಂಟೆ. ವಾಡಿಕೆಯಂತೆ ಕಚೇರಿಯಲ್ಲಿ ತೆರೆರೆ ಎಂಬ ತಣ್ಣನೆಯ ಎಲೆಪಾನೀಯ ಕುಡಿಯಲು ಎಲ್ಲರೂ ಸೇರಿದ್ದು, ಕೊಂಬಿನ ಬಟ್ಟಲಿಗೆ ತಣ್ಣೀರು ತುಂಬಿ ಒಬ್ಬೊಬ್ಬರಿಗೇ ಕೊಡುವ ಕೆಲಸ ಸದರಿ ಗುಮಾಸ್ತರದಾಗಿತ್ತು. ಬಟ್ಟಲು ಸುತ್ತಿ ಸುತ್ತಿ ಬರುತ್ತದೆ; ಬೇಕೆನ್ನುವವರು ಸುಮ್ಮನೆ ಕುಡಿದು ಹಿಂದಿರುಗಿಸುತ್ತಾರೆ, ಸಾಕೆನ್ನುವವರು ಧನ್ಯವಾದ ಹೇಳಿ ಹಿಂದಿರುಗಿಸುತ್ತಾರೆ. ಆಮೇಲೆ ಅವರಿಗೆ ಬಟ್ಟಲು ಹೋಗುವುದಿಲ್ಲ, ಯಾರೂ ಏನೂ ಕೇಳುವುದಿಲ್ಲ. ಮುಖ್ಯಾಧಿಕಾರಿಗಳು ನಾಲ್ಕನೇ ಬಟ್ಟಲು ಕುಡಿದು ಧನ್ಯವಾದ ಹೇಳಿದರು. ಯಾರೂ ಕೇಳದ ಪ್ರಶ್ನೆಯನ್ನು ಸದರಿ ಗುಮಾಸ್ತರು ಆ ದಿನ ಕೇಳಿದರು:

"ಜಗ್ಗಲ್ಲಿ ಇನ್ನೂ ಅರ್ಧ ನೀರಿದೆಯಲ್ಲ ಸಾಹೇಬ್ರೆ. ನಿಮ್ಮದು ಮುಗೀತು ಅಂತ ಹೇಗೆ ತಿಳ್ಕೊಳ್ಳಲಿ?"

"ಜಗ್ಗು ಖಾಲಿ ಆಗ್ಬೇಕು ಅಂತ ಯಾರು ಹೇಳಿದ್ದು ಕರಾಯ್ (ಎಂದರೆ, ಯಜಮಾನ್ರೆ)? ಜಗ್ಗು ಖಾಲಿ ಆದ್ರೆ ಬಾವೀಲಿರುತ್ತೆ. ನನ್ನ ಬಾಯಾರಿಕೆ ಹೋಯ್ತು, ಸಾಕು ಅಂದೆ. ಅಲ್ಲಿಗೆ ಮುಗೀತು."

"ಅಂದ್ರೆ ಎಷ್ಟಿದೆ ಅಂತ ನೋಡಬಾರ್ದು, ಎಷ್ಟು ಬೇಕು ಅಂತ ನೋಡ್ಬೇಕು."

"ಮತ್ತೆ? ಬೇಕಾದ್ದಕ್ಕಿಂತ ಜಾಸ್ತಿ ಕುಡಿದು ಏನ್ ಮಾಡ್ಲಿ?"

"ಇದನ್ನ ನಡಾವಳೀಲಿ ಬರ್ಕೊಳ್ಳಲಾ?"

"ಬರ್ಕೊಳ್ಳಿ, ಬರ್ಕೊಳ್ಳಿ."

ಹಾಜರಿದ್ದ ಏಳು ಮಂದಿ ನೌಕರರು ಇದನ್ನು ಕೇಳಿಸಿಕೊಂಡಿರುತ್ತಾರೆ. ಇಬ್ಬರು ಕೆಮ್ಮಿರುತ್ತಾರೆ.

13. ಮೇಲ್ಕಂಡ ತತ್ವವು ಮುಖ್ಯಾಧಿಕಾರಿಗಳ ಬಾಯಿಂದಲೇ ಹೊರಟು ನಡಾವಳಿಯಲ್ಲಿ ದಾಖಲಾಗಿರುವುದರಿಂದ, ಅದಕ್ಕೆ ನಿಯಮದ ಬಲ ಬಂದಿರುತ್ತದೆ. ಅದನ್ನು ಓರೆದಾರಿಗೆ ಅನ್ವಯಿಸಲಾಗಿ, ದಾರಿಗೆ ಎಷ್ಟು ಬೇಕೆಂದು ನೋಡಲಾಯಿತು. ಎರಡು ಇಟ್ಟಿಗೆಗಳ ನಡುವೆ ಮೇಸ್ತ್ರಿ ಬಿಡುವ ಗಾರೆಯ ಸಂದೇ ಒಂದು ಬೆರಳಷ್ಟಿದೆ. ಬಿಂದುವಿನ ನಂತರದ ಎರಡನೆಯ ಅಂಕಿ ಸೆಂಟಿಮೀಟರು. ಮೂರನೆಯದು ಕರಣೆಯ ಅಂಚಿಗೂ ಸಿಗದಷ್ಟು. ಹತ್ತನೆಯದನ್ನು ಯಾರ ಕಣ್ಣೂ ನೋಡಿಲ್ಲ, ನೋಡುವುದೂ ಇಲ್ಲ. ಆದುದರಿಂದ ದಾರಿಗೆ ಬೇಕಾಗಿದ್ದುದು ಮೊದಲ ಎರಡು ಅಂಕಿಗಳು ಮಾತ್ರ. ಇವನ್ನು ಸದರಿ ಗುಮಾಸ್ತರು ಮೊದಲನೆಯ ದಿನವೇ, ಊಟಕ್ಕೆ ಮುಂಚೆ, ಕಂಡುಹಿಡಿದಿದ್ದರು.

ಉಳಿದ ಮುನ್ನೂರ ಹತ್ತು ಅಂಕಿಗಳು ಯಾರ ಬಾಯಾರಿಕೆಗೂ ಬೇಕಾಗಿರಲಿಲ್ಲ. ಇದನ್ನು ಟೈಪ್ ಮಾಡುವಾಗ ಸದರಿ ಗುಮಾಸ್ತರು ಮುನ್ನೂರ ಹನ್ನೆರಡನೆಯ ಅಂಕಿಯನ್ನು ಒಮ್ಮೆ ತೆಗೆದು ನೋಡಿದರು. ಅವರಿಗೆ ದುಃಖವಾಯಿತು. ಆ ಅಂಕಿಗಳ ಮೇಲೆ ಅವರಿಗೆ ಪ್ರೀತಿಯೂ ಇತ್ತು. ಒಂದಾದರೂ ಹಿಂದಿನದರ ಹಾಗೆ ನಡೆದುಕೊಳ್ಳದೆ, ಮುಂದಿನದು ಏನಿರಬಹುದೆಂಬ ಆಸೆಯಲ್ಲೇ ಎಷ್ಟೋ ಬೆಳಗುಗಳು ಕಳೆದಿದ್ದವು. ಅಂಥ ಬೆಳಗುಗಳಲ್ಲಿ ಕೆಳಗೆ ಚೌಕದಲ್ಲಿ ಒಬ್ಬರು ಚಿಪಾ ಬುಟ್ಟಿ ಹೊತ್ತು ದಾಟಿ ಹೋಗುತ್ತಿದ್ದರು, ಕಿಟಕಿಯತ್ತ ಒಂದು ಸಲ ಮುಖವೆತ್ತಿ ನೋಡುತ್ತಿದ್ದರು. ಆಗ ತಲೆಯೆತ್ತಿ ನೋಡದಿದ್ದುದು ತಪ್ಪು ಎಂದು ಸದರಿ ಗುಮಾಸ್ತರು ಒಪ್ಪಿಕೊಂಡಿರುತ್ತಾರೆ. ಇದಕ್ಕೆ ಯಾವ ನಮೂನೆಯಲ್ಲೂ ಕಲಂ ಇರುವುದಿಲ್ಲ.

14. ಆದೇಶ. ಮೇಲಿನ ಎಲ್ಲ ಅಂಶಗಳನ್ನು ಪರಿಗಣಿಸಿ ಈ ಕೆಳಕಂಡಂತೆ ಆದೇಶಿಸಲಾಗಿದೆ:

(ಅ) ನಮೂನೆ 14ರ ಏಳನೇ ಕಲಮಿನಲ್ಲಿ 'ಸುಮಾರು 141.42 ಮೀಟರ್, ಸಾಕು' ಎಂದು ತುಂಬತಕ್ಕದ್ದು. ಈ ನಮೂದಿನ ಮಟ್ಟಿಗೆ ಐದನೇ ಕಲಮಿನ ನಿಷೇಧವನ್ನು ಸಡಿಲಿಸಲಾಗಿದೆ. ಇದೇ ಸಡಿಲಿಕೆಯಡಿ ಕಾವಲುಗಾರನಿಗೂ ಒಂದು ಎತ್ತರವನ್ನು ಮಂಜೂರು ಮಾಡಲಾಗಿದೆ.

(ಆ) ಸಂದಿನಲ್ಲಿರುವ ಇರುವೆಗಳಿಗೆ ಹದಿನೈದು ದಿನಗಳ ನೋಟಿಸು ನೀಡಿ, ನಂತರ ಒಂದು ಚಿಟಿಕೆ ಗಾರೆಯಿಂದ ಸಂದನ್ನು ಮುಚ್ಚತಕ್ಕದ್ದು. ಹಗ್ಗವನ್ನು ಮಾತ್ರ ನಾಳೆಯೇ ಬಿಚ್ಚತಕ್ಕದ್ದು.

(ಇ) ಮುನ್ನೂರ ಹನ್ನೆರಡು ಅಂಕಿಗಳನ್ನು ದಾರ ಕಟ್ಟಿ ಶ್ರೀಮತಿ ಲಿಬ್ರಾದಾ ಅವರ ಶಾಲೆಗೆ ಒಪ್ಪಿಸತಕ್ಕದ್ದು. ಮುಂದಿನ ಅಂಕಿ ಯಾವುದೆಂದು ತಿಳಿಯುವ ಆಸೆ ಯಾರಿಗಾದರೂ ಆದಲ್ಲಿ ಅವರನ್ನು ತಡೆಯತಕ್ಕದ್ದಲ್ಲ, ಯಾರ ಮೇಲೂ ಹೇರತಕ್ಕದ್ದೂ ಅಲ್ಲ.

(ಈ) ಬಾಕಿ ಕಡತ ಉಳಿಯದ ಕಾರಣ, ಸದರಿ ಗುಮಾಸ್ತರನ್ನು ನಾಳೆ ಮಧ್ಯಾಹ್ನ, ಊಟದ ಹೊತ್ತಿಗೆ, ಸೇವೆಯಿಂದ ಬಿಡುಗಡೆ ಮಾಡಲಾಗಿದೆ.

(ಉ) ಬಿಡುಗಡೆಯಾದ ಕೂಡಲೇ ಅವರು ಚೌಕದ ಬದಿಗಳನ್ನು ಸುತ್ತದೆ, ಓರೆದಾರಿಯಲ್ಲಿ ಈ ಮೂಲೆಯಿಂದ ಆ ಮೂಲೆಗೆ ನೇರವಾಗಿ ನಡೆಯತಕ್ಕದ್ದು.

ಸಹಿ/-
(ಹೆರ್ಮೋಹೆನೆಸ್ ಫ್ಲೆಚಾ)
ಮುಖ್ಯಾಧಿಕಾರಿ

ಕರಡು ಮತ್ತು ಟೈಪಿಂಗ್: ಎ. ಒವೆಲಾರ್ (ಶಾಖೆಯಲ್ಲಿ ಟೈಪ್ ಬಲ್ಲವರು ಬೇರೆ ಯಾರೂ ಇರುವುದಿಲ್ಲ)

ಸಹಿಯ ಕೆಳಗೆ, ಶಾಯಿಯಲ್ಲಿ: "ಈ ಸಲ ಕೊನೇ ಪುಟದವರೆಗೂ ಓದಿದೆ, ಕರಾಯ್ ಎವಾರಿಸ್ತೊ. ಎಪ್ಪತ್ತೆರಡರ ಪತ್ರವನ್ನೂ ಓದಿದೆ. ಹೋಗಿ ಬನ್ನಿ. ಕೋಟು ಹಳದಿಯಾಗಿರಬಹುದು, ಒಂದು ಸಲ ಒಗೆಸಿ."

ಪ್ರತಿಗಳು:
1. ಎಲ್ಲ ನೌಕರರಿಗೆ, ಪಾಲಿಸಲು.
2. ಕಾವಲುಗಾರನಿಗೆ, ಹಗ್ಗ ಬಿಚ್ಚಲು ಮತ್ತು ಎತ್ತರ ಸ್ವೀಕರಿಸಲು.
3. ಔಷಧಿ ಅಂಗಡಿಯವರಿಗೆ, ಹೊಸ ಯಂತ್ರ ಕೊಂಡಿದ್ದಲ್ಲಿ ಅದನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಕೋರಿಕೆಯೊಂದಿಗೆ.
4. ಕ್ಷೌರಿಕರ ಬೀದಿಯ ಅರ್ಜಿದಾರರಿಬ್ಬರಿಗೆ, ಹೆಚ್ಚಾಗಿದ್ದ ಒಂದನ್ನು ಮನ್ನಿಸಲಾಗಿದೆ ಎಂಬ ಮಾಹಿತಿಗಾಗಿ.
5. ಶ್ರೀಮತಿ ಲಿಬ್ರಾದಾ ಆಕೋಸ್ತಾ ಅವರಿಗೆ, ಅಂಕಿಗಳೊಂದಿಗೆ.
6. ಇರುವೆಗಳಿಗೆ, ಫಲಕದ ಮೇಲೆ ಅಂಟಿಸುವ ಮೂಲಕ.
7. ಞಾ ಪೆರ್ಪೆತುವಾ ಇನ್ಸ್‌ಫ್ರಾನ್ ಅವರಿಗೆ, ಇಗರ್ಜಿಯ ಮೂಲೆ. ಈ ಪ್ರತಿಯನ್ನು ಅಂಚೆಗೆ ಹಾಕದೆ, ಮಾಜಿ ಗುಮಾಸ್ತರು ಖುದ್ದಾಗಿ ತಲುಪಿಸತಕ್ಕದ್ದು.
8. ಕಚೇರಿ ಪ್ರತಿ, ಏಳನೆಯ ಪ್ರತಿಯ ಸ್ವೀಕೃತಿಯೊಂದಿಗೆ. ಸ್ವೀಕೃತಿ, ಚಿಪಾ ಸುತ್ತುವ ಕಾಗದದ ಮೇಲೆ: "ತಲುಪಿದ್ರು. ಬರುವಾಗ ಹೆಜ್ಜೆ ಎಣಿಸ್ಲಿಲ್ವಂತೆ. ನಂಬಿದ್ದೀನಿ."